ಮಸ್ಟಾಂಗಿಗೆ ತೂತು ಕೊರೆದದ್ದೇಕೆ?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಳಿಯಂದಿರು 1966ರ ಫೋರ್ಡ್ ಮಸ್ಟಾಂಗ್ ಕಾರು ಕೊಂಡಿದ್ದಾರೆ. ಎಂಜಿನ್ನಿಗೆ ಕೈಹಾಕದೆ ಸಸ್ಪೆನ್ಷನ್ ಸಾಮಾನುಗಳಿಗೇ ಡಾಲರ್ ಸುರಿಯುತ್ತಿದ್ದಾರೆ. ಒಂದು ಭಾನುವಾರ ಕಾರಿನ ಮುಂಭಾಗದ ಉಕ್ಕಿಗೆ ಡ್ರಿಲ್ ಹಿಡಿದು ತೂತು ಕೊರೆದರು. ನೋಡಿ ನನ್ನ ಕರುಳು ಚುರುಕ್ಕೆಂದಿತು. ಎದುರುಮನೆಯವರ ಪಿಕಪ್ ಅಂತೂ ಮೆಟ್ಟಿಲಿಟ್ಟು ಹತ್ತುವಷ್ಟು ಎತ್ತರ. ಕಂಪನಿಯವರು ಸರಿಯಾಗಿ ಮಾಡಿರಲಿಲ್ಲವೇ? ಇದೆಲ್ಲ ಬರೀ ಶೋಕಿಯೋ, ಅರ್ಥವೇನಾದರೂ ಇದೆಯೋ? ನಮ್ಮಲ್ಲಿ ಹೀಗೆ ಮಾಡಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಆ ತೂತುಗಳಿಂದಲೇ ಶುರು ಮಾಡುತ್ತೇನೆ. ನಿಮ್ಮ ಅಳಿಯಂದಿರು ಮಾಡಿದ್ದು ಹುಡುಗಾಟದ ಕೆಲಸವಲ್ಲ. ಆ ಕಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

1965 ಮತ್ತು 1966ರ ಮಸ್ಟಾಂಗ್‌ಗಳಲ್ಲಿ ಮುಂದಿನ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಇವನ್ನು ಕಂಟ್ರೋಲ್ ಆರ್ಮ್ ಅನ್ನುತ್ತಾರೆ. ಮೇಲಿನ ತೋಳಿನ ಒಳತುದಿಯನ್ನು ಎಂಜಿನ್ನಿನ ಪಕ್ಕದಲ್ಲಿ ಎದ್ದು ನಿಂತ ಉಕ್ಕಿನ ಭಾಗಕ್ಕೆ, ಅಂದರೆ ಶಾಕ್ ಟವರ್‌ಗೆ, ಎರಡು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಆ ಬೋಲ್ಟ್‌ಗಳನ್ನು ಬಿಚ್ಚಿ, ನೇರ ಒಂದು ಇಂಚು ಕೆಳಗೆ ಎರಡು ಹೊಸ ತೂತು ಕೊರೆದು, ತೋಳನ್ನು ಅಲ್ಲಿಗಿಳಿಸಿ ಬಿಗಿದರೆ ಕೆಲಸ ಮುಗಿಯಿತು. ಹೊಸ ಭಾಗ ಒಂದೂ ಬೇಡ. ಅಳತೆ ತಪ್ಪದಿರಲೆಂದು ಹಳೆಯ ತೂತುಗಳಿಗೆ ಕಚ್ಚಿಸಿ ಗುರುತು ಮಾಡುವ ಲೋಹದ ಅಚ್ಚು ಅಂಗಡಿಗಳಲ್ಲಿ ಸಿಗುತ್ತದೆ. ನೀವು ಕಂಡ ದಿನ ಅಳಿಯಂದಿರ ಕೈಯಲ್ಲಿ ಅದು ಇದ್ದಿರಲೂಬಹುದು.

ಇದರಿಂದ ಆಗುವುದು ಇಷ್ಟು. ಕಾರು ಎಡಕ್ಕೆ ತಿರುಗುವಾಗ ಅದರ ಮೈ ಬಲಕ್ಕೆ ವಾಲುತ್ತದೆ, ಮುಂದಿನ ಬಲಚಕ್ರದ ಮೇಲೆ ಭಾರ ಹೇರಿಕೊಳ್ಳುತ್ತದೆ. ಕಂಪನಿಯಿಂದ ಬಂದ ಜೋಡಣೆಯಲ್ಲಿ ಅದೇ ಗಳಿಗೆಗೆ ಆ ಚಕ್ರದ ತಲೆ ಹೊರಗಡೆಗೆ ವಾಲುತ್ತದೆ. ಟಯರಿನ ಹೊರ ಅಂಚಷ್ಟೇ ರಸ್ತೆಯನ್ನು ಹಿಡಿದಿರುತ್ತದೆ, ಉಳಿದ ಅಗಲವೆಲ್ಲ ಅರ್ಧಂಬರ್ಧ ತೇಲುತ್ತಿರುತ್ತದೆ. ತೋಳಿನ ಒಳತುದಿಯನ್ನು ಇಳಿಸಿದರೆ ತೋಳು ಓರೆಯಾಗಿ ನಿಲ್ಲುತ್ತದೆ. ಚಕ್ರ ಮೇಲೇಳುತ್ತಿದ್ದ ಹಾಗೆ ಅದರ ತಲೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೈ ಹೊರಕ್ಕೆ ವಾಲಿದರೂ ಟಯರು ರಸ್ತೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಮೈ ವಾಲುವುದೂ ಕಡಿಮೆಯಾಗುತ್ತದೆ. ಈ ಲೆಕ್ಕ ಹಾಕಿದವರು ಫೋರ್ಡ್ ಕಂಪನಿಯದೇ ಎಂಜಿನಿಯರ್ ಕ್ಲಾಸ್ ಆರ್ನಿಂಗ್. ಅದನ್ನು ಕಾರಿನಲ್ಲಿ ತಂದು ತೋರಿಸಿದ್ದು ಕ್ಯಾರಲ್ ಶೆಲ್ಬಿ, 1965ರ ಶೆಲ್ಬಿ ಜಿ.ಟಿ.350ರಲ್ಲಿ. ಹೀಗಾಗಿ ಕೆಲವರು ಇದನ್ನು ಆರ್ನಿಂಗ್ ಡ್ರಾಪ್ ಅಂದರೆ ಹೆಚ್ಚಿನವರು ಶೆಲ್ಬಿ ಡ್ರಾಪ್ ಅನ್ನುತ್ತಾರೆ. ಆ ವರ್ಷದ ಜಿ.ಟಿ.350ಕ್ಕೆ ಇದರ ಜೊತೆಗೆ ಕೋನಿ ಶಾಕ್ ಅಬ್ಸಾರ್ಬರ್‌ಗಳು, ಒಂದು ಇಂಚು ದಪ್ಪದ ಮುಂದಿನ ಸ್ವೇ ಬಾರ್ (ಮೈ ವಾಲುವುದನ್ನು ತಡೆಯುವ ಸರಳು), ಹಿಂದೆ ಆಕ್ಸಲ್ ತಿರುಚಿಕೊಳ್ಳದಂತೆ ಹಿಡಿಯುವ ಸರಳುಗಳು ಎಲ್ಲವೂ ಬಂದಿದ್ದವು. ಅದೇ ವರ್ಷ ಅದು ಅಮೆರಿಕದ ಎಸ್.ಸಿ.ಸಿ.ಎ. ರೇಸುಗಳ ಬಿ-ಪ್ರೊಡಕ್ಷನ್ ವರ್ಗದಲ್ಲಿ ಚಾಂಪಿಯನ್ ಆಯಿತು. ಮುಂದಿನ ವರ್ಷ ಖರ್ಚು ಇಳಿಸುವ ಸಲುವಾಗಿ ಶೆಲ್ಬಿಯವರೇ ತೋಳು ಇಳಿಸುವುದನ್ನು ಕೈಬಿಟ್ಟರು. ಎರಡು ತೂತಿನ ಕೂಲಿಯೂ ಕಾರ್ಖಾನೆಗೆ ಲೆಕ್ಕಕ್ಕೆ ಬರುತ್ತದೆ.

ಕಂಪನಿಯವರು ಸರಿಯಾಗಿ ಮಾಡಿರಲಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಅವರು ಮಾಡಿದ್ದು ಸರಿಯೇ, ಆದರೆ ಮಾಡಿದ್ದು ಬೇರೆ ಯಾರಿಗೋ. 1964ರ ಏಪ್ರಿಲ್ 17ರಂದು ಮಸ್ಟಾಂಗ್ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ 2,368 ಡಾಲರ್. ಬೆಲೆಯನ್ನು ಅಷ್ಟಕ್ಕೇ ನಿಲ್ಲಿಸಲು ಫೋರ್ಡ್ ತನ್ನ ಸಾದಾ ಮನೆಬಳಕೆಯ ಫಾಲ್ಕನ್ ಕಾರಿನ ತಳವನ್ನೇ ಎತ್ತಿಕೊಂಡಿತು. ಮೊದಲ 12 ತಿಂಗಳಲ್ಲಿ 4 ಲಕ್ಷಕ್ಕೂ ಮೀರಿ ಮಾರಾಟವಾಯಿತು. ಕೊಂಡವರಲ್ಲಿ ಬಹುಪಾಲು ಜನ ಆಫೀಸಿಗೆ, ಕಾಲೇಜಿಗೆ, ಅಂಗಡಿಗೆ ಹೋಗಿಬರುವವರು. ಅವರಿಗೆ ಬೇಕಿದ್ದದ್ದು ಮೆತ್ತಗಿನ ಸವಾರಿ.

ಮಸಲ್ ಕಾರುಗಳೆಂದು ಹೆಸರಾದವುಗಳ ಕಥೆಯೂ ಇದೇ. ಈ ಸಾಲಿನ ಮೊದಲ ಕಾರೆಂದು ಬಹಳ ಜನ ಒಪ್ಪುವ 1964ರ ಪಾಂಟಿಯಾಕ್ ಜಿ.ಟಿ.ಒ. ಏನು ಮಾಡಿತು? ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ ಇಳಿಸಿತು. 325 ಅಶ್ವಶಕ್ತಿ. ಆಗಿನ ಅಮೆರಿಕದ ಹುಡುಗರ ಪಂದ್ಯವೆಲ್ಲ ನೇರ ರಸ್ತೆಯಲ್ಲಿ ಕಾಲು ಮೈಲಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ತಿರುವಿನ ಚಿಂತೆ ಯಾರಿಗೂ ಇರಲಿಲ್ಲ. ಎಂಜಿನ್ನು ವರ್ಷವರ್ಷ ಬೆಳೆಯಿತು, ಅದನ್ನು ಹೊತ್ತ ಸ್ಪ್ರಿಂಗು, ತೋಳು, ಬುಷ್‌ಗಳು ಸಂಸಾರಸ್ಥರ ಕಾರಿನವೇ ಆಗಿ ಉಳಿದವು. ಹಳೆಯ ಮಸಲ್ ಕಾರು ಕೊಂಡವರು ಇಂದು ಸಸ್ಪೆನ್ಷನ್ನಿಗೆ ದುಡ್ಡು ಹಾಕುತ್ತಿದ್ದರೆ, ಅವರು 60 ವರ್ಷದ ಬಾಕಿ ತೀರಿಸುತ್ತಿದ್ದಾರೆಂದೇ ಲೆಕ್ಕ.

ನೇರ ರಸ್ತೆಯಲ್ಲೂ ಆ ಸಸ್ಪೆನ್ಷನ್ ಸಾಲುತ್ತಿರಲಿಲ್ಲ ಎನ್ನುವುದಕ್ಕೆ 1967ರ ಶೆವ್ರೊಲೆ ಕಮಾರೊ ಒಳ್ಳೆಯ ಸಾಕ್ಷಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕಾರಿನ ಹಿಂದುಗಡೆ ನಮ್ಮ ಲಾರಿಗಳಲ್ಲಿರುವಂಥ ಲೀಫ್ ಸ್ಪ್ರಿಂಗ್ ಇತ್ತು. ಆದರೆ ಲಾರಿಯಲ್ಲಿ ಹತ್ತಾರು ಪ್ಲೇಟುಗಳ ಕಟ್ಟು ಇದ್ದರೆ, ಇದರಲ್ಲಿ ಪಕ್ಕಕ್ಕೊಂದೇ ಪ್ಲೇಟು. ದೊಡ್ಡ ಎಂಜಿನ್ನಿನ ಕಮಾರೊ ನಿಂತಲ್ಲಿಂದ ಹೊರಡುತ್ತಿದೆ, ಚಾಲಕ ಆಕ್ಸಿಲರೇಟರನ್ನು ಪೂರ್ತಿ ತುಳಿದಿದ್ದಾನೆ ಅನ್ನಿ. ಚಕ್ರ ಮುಂದಕ್ಕೆ ತಿರುಗಲು ಶಕ್ತಿ ಹಾಕಿದ ತಕ್ಷಣ, ಆಕ್ಸಲ್ ಇರುವ ಹೌಸಿಂಗ್ ಅದರ ಪ್ರತಿಕ್ರಿಯೆಯಾಗಿ ಹಿಮ್ಮುಖ ತಿರುಚಿಕೊಳ್ಳುತ್ತದೆ, ಅದರ ಮೂತಿ ಮೇಲೇಳುತ್ತದೆ. ಒಂಟಿ ಪ್ಲೇಟು ಇದನ್ನು ತಡೆಯಲಾರದೆ ಆಕ್ಸಲ್ಲಿನ ಮುಂದೆ ಉಬ್ಬಿ ಹಿಂದೆ ತಗ್ಗಿ ಹಾವಿನ ಹಾಗೆ ಬಳುಕುತ್ತದೆ. ಸಾಕಷ್ಟು ಬಳುಕಿದ ಮೇಲೆ ಟಯರಿನ ಹಿಡಿತ ತಪ್ಪುತ್ತದೆ. ಹಿಡಿತ ತಪ್ಪಿದೊಡನೆ ಪ್ಲೇಟು ಫಟ್ಟನೆ ನೆಟ್ಟಗಾಗಿ ಟಯರನ್ನು ರಸ್ತೆಗೆ ಕುಕ್ಕುತ್ತದೆ. ಟಯರು ಮತ್ತೆ ರಸ್ತೆ ಹಿಡಿಯುತ್ತದೆ, ಪ್ಲೇಟು ಮತ್ತೆ ಬಳುಕುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ. ಒಳಗೆ ಕೂತವರಿಗೆ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ದಡದಡ ಸದ್ದು. ವೀಲ್ ಹಾಪ್ ಎನ್ನುವುದು ಇದಕ್ಕೇ. ಯೂನಿವರ್ಸಲ್ ಜಾಯಿಂಟ್ ಮುರಿಯುವುದು, ಆಕ್ಸಲ್ ಶಾಫ್ಟ್ ತುಂಡಾಗುವುದು ಎಲ್ಲ ಇದರ ಫಲ.

ಶೆವ್ರೊಲೆಯವರು ಸುಮ್ಮನೆ ಕೂರಲಿಲ್ಲ. ಶಕ್ತಿಶಾಲಿ ಮಾದರಿಗಳಿಗೆ ಬಲಪಕ್ಕದಲ್ಲಿ ಒಂದು ಸರಳು ಕೂಡಿಸಿದರು. 1968ರಲ್ಲಿ ಹಿಂದಿನ ಎರಡು ಶಾಕ್‌ಗಳಲ್ಲಿ ಒಂದನ್ನು ಆಕ್ಸಲ್ಲಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಜೋಡಿಸಿದರು. ದೊಡ್ಡ ಎಂಜಿನ್ನುಗಳಿಗೆ ಹಲವು ಪ್ಲೇಟಿನ ಸ್ಪ್ರಿಂಗ್ ಕೊಟ್ಟರು. ಆದರೆ ಅಷ್ಟರಲ್ಲಿ ಹೊರಗಿನ ಅಂಗಡಿಗಳು ತಮ್ಮ ಮದ್ದು ಮಾರುತ್ತಿದ್ದವು. ಅದರಲ್ಲಿ ಸರಳವಾದದ್ದು ಸ್ಲ್ಯಾಪರ್ ಬಾರ್: ಸ್ಪ್ರಿಂಗಿನ ಅಡಿಯಲ್ಲಿ ಆಕ್ಸಲ್ಲಿಗೆ ಬಿಗಿದ, ಮುಂದಕ್ಕೆ ಚಾಚಿದ ಉಕ್ಕಿನ ಪಟ್ಟಿ, ತುದಿಯಲ್ಲೊಂದು ರಬ್ಬರ್ ಗುಂಡಿ. ಆಕ್ಸಲ್ ತಿರುಚಿಕೊಳ್ಳಲು ಹೋದರೆ ಗುಂಡಿ ಪ್ಲೇಟಿನ ಮುಂಗಣ್ಣಿಗೆ ತಾಗಿ ಅಲ್ಲಿಗೇ ತಡೆಯುತ್ತದೆ. ಇವತ್ತು ಕಾಲ್‌ಟ್ರಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಸನ್ನೆಗೋಲಿನ ಜೋಡಣೆ ಅದೇ ಕೆಲಸವನ್ನು ಇನ್ನೂ ನಯವಾಗಿ ಮಾಡುತ್ತದೆ. ಕ್ರೈಸ್ಲರ್‌ನವರ ದಾರಿಯೇ ಬೇರೆ. ಅವರ ಲೀಫ್ ಸ್ಪ್ರಿಂಗುಗಳಲ್ಲಿ ಆಕ್ಸಲ್ಲಿನ ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ. ಗಿಡ್ಡ ಭಾಗ ಸುಲಭಕ್ಕೆ ಬಳುಕುವುದಿಲ್ಲ. ಹಳೆಯ ಡಾಡ್ಜ್, ಪ್ಲಿಮತ್‌ಗಳು ಕಾಲು ಮೈಲಿಯ ಪಂದ್ಯದಲ್ಲಿ ಮಿಂಚಿದ್ದಕ್ಕೆ ಎಂಜಿನ್ನಿನಷ್ಟೇ ಇದೂ ಕಾರಣ ಎಂದು ನಾನು ನಂಬಿದ್ದೇನೆ.

ಇನ್ನು ಟಯರಿನ ವಿಷಯ. ಅರವತ್ತರ ದಶಕದ ಅಮೆರಿಕನ್ ಕಾರುಗಳಲ್ಲಿ ಬಹುಪಾಲು ಹಳೆಯ ಬಗೆಯ ಬಯಸ್-ಪ್ಲೈ ಟಯರಿನ ಮೇಲೆ ಓಡಿದವು. ರೇಡಿಯಲ್ ಅಲ್ಲಿ ವಾಡಿಕೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಇಂದು ಅದೇ ಕಾರಿಗೆ ಅಗಲವಾದ, ರಸ್ತೆಗೆ ಅಂಟುವ ರೇಡಿಯಲ್ ಹಾಕುತ್ತಾರೆ. ಟಯರಿನ ಹಿಡಿತ ಹೆಚ್ಚಿದಷ್ಟೂ ಅದರ ಮೇಲಿನ ಎಲ್ಲ ಭಾಗಗಳ ಮೇಲೆ ಎಳೆತ ಹೆಚ್ಚುತ್ತದೆ. ಹಿಂದೆ ಜಾರಿಹೋಗಿ ಮುಗಿಯುತ್ತಿದ್ದ ಜಾಗದಲ್ಲಿ ಈಗ ಬುಷ್ ಹಿಂಡುತ್ತದೆ, ತೋಳು ಬಾಗುತ್ತದೆ, ಬಾಡಿಯೇ ತಿರುಚಿಕೊಳ್ಳುತ್ತದೆ. ಮಸ್ಟಾಂಗ್‌ಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಸ್ಪ್ರಿಂಗ್ ಮೇಲಿನ ತೋಳಿನ ತಲೆಯ ಮೇಲೆ ಕೂತು ಇಡೀ ಮುಂಭಾರವನ್ನು ಶಾಕ್ ಟವರಿಗೇ ದಾಟಿಸುತ್ತದೆ. ವರ್ಷಗಳು ಕಳೆದಂತೆ ಎರಡೂ ಟವರ್‌ಗಳು ಒಂದರ ಕಡೆಗೊಂದು ವಾಲುವುದುಂಟು. ಇದಕ್ಕೆ ಟವರ್‌ಗಳನ್ನು ಹಿಂದಿನ ಗೋಡೆಗೆ ಬಿಗಿಯುವ ಒಂದು ಗಟ್ಟಿ ಆಧಾರ ಹಾಕುತ್ತಾರೆ. ಅದರ ಹೆಸರು ಎಕ್ಸ್‌ಪೋರ್ಟ್ ಬ್ರೇಸ್. ಕೆಟ್ಟ ರಸ್ತೆಗಳ ಪರದೇಶಗಳಿಗೆ ಹೋಗುವ ಕಾರುಗಳಿಗೆಂದು ಫೋರ್ಡ್ ಮಾಡಿದ್ದ ಭಾಗ ಅದು. ಒಳ್ಳೆಯ ರಸ್ತೆಯ ಅಮೆರಿಕದವರೇ ಈಗ ಹುಡುಕಿ ಕೊಳ್ಳುತ್ತಿದ್ದಾರೆ. ಕಾರಿನ ಅಡಿಯಲ್ಲಿ ಮುಂದಿನ ಮತ್ತು ಹಿಂದಿನ ಉಕ್ಕಿನ ಕಂಬಿಗಳನ್ನು ಬೆಸೆಯುವ ಸಬ್‌ಫ್ರೇಮ್ ಕನೆಕ್ಟರ್‌ಗಳೂ ಇದೇ ಉದ್ದೇಶದವು. ಬಾಡಿ ತಿರುಚಿಕೊಳ್ಳುತ್ತಿದ್ದರೆ ಎಂಥ ದುಬಾರಿ ಸ್ಪ್ರಿಂಗ್ ಹಾಕಿದರೂ ದಂಡ.

ವೀಲ್ ಅಲೈನ್‌ಮೆಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಳೆಯ ಕಾರಿನವರು ಎಡವುವುದು ಹೆಚ್ಚಾಗಿ ಇಲ್ಲೇ. ಕಾರಿನ ಜೊತೆ ಬಂದ ಹಳೆಯ ಸರ್ವೀಸ್ ಪುಸ್ತಕದ ಅಂಕಿಗಳನ್ನೇ ಅಂಗಡಿಯವರು ಹಾಕಿಕೊಡುತ್ತಾರೆ. ಆ ಅಂಕಿಗಳು ಬಯಸ್-ಪ್ಲೈ ಟಯರಿಗೆ, ಪವರ್ ಇಲ್ಲದ ಸ್ಟಿಯರಿಂಗ್ ತಿರುಗಿಸುವ ಚಾಲಕರ ಕೈಗಳಿಗೆ ಬರೆದವು. ಅದರಂತೆ ಚಕ್ರದ ತಲೆ ಕೊಂಚ ಹೊರಕ್ಕಿರುತ್ತದೆ, ಕ್ಯಾಸ್ಟರ್ ಸೊನ್ನೆಯ ಆಸುಪಾಸು ಇರುತ್ತದೆ. ಕ್ಯಾಸ್ಟರ್ ಅಂದರೆ ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ಒರಗಿದೆಯಲ್ಲ, ಆ ಒರಗು. ಅದಿದ್ದರೆ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುತ್ತದೆ. ರೇಡಿಯಲ್ ಹಾಕಿದ ಮಸ್ಟಾಂಗ್‌ಗೆ ಸುಮಾರು 3 ಡಿಗ್ರಿ ಪಾಸಿಟಿವ್ ಕ್ಯಾಸ್ಟರ್, ಅರ್ಧದಿಂದ 1 ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್ (ಅಂದರೆ ಚಕ್ರದ ತಲೆ ಒಳಕ್ಕೆ ವಾಲುವಂತೆ) ಇಟ್ಟರೆ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುವುದು ನಿಲ್ಲುತ್ತದೆ. ತೂತು ಕೊರೆದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ತೂತು ಕೊರೆದದ್ದೇ ವ್ಯರ್ಥ.

ಈಗ ಎಲ್ಲರ ಕಣ್ಣಿಗೂ ಬೀಳುವ ಭಾಗಗಳು: ಸ್ಪ್ರಿಂಗ್, ಶಾಕ್, ಸ್ವೇ ಬಾರ್. ಕಾರಿನ ಮೈ ವಾಲದಿದ್ದರೆ ಭಾರವೂ ಸರಿಯುವುದಿಲ್ಲ ಎಂದು ಬಹಳ ಜನ ಭಾವಿಸಿದ್ದಾರೆ. ಅದು ತಪ್ಪು. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎನ್ನುವುದನ್ನು ನಿರ್ಧರಿಸುವುದು ಕಾರಿನ ತೂಕ, ಅದರ ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ವೇಗ. ಸ್ಪ್ರಿಂಗನ್ನು ಎಷ್ಟೇ ಗಡುಸು ಮಾಡಿದರೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಭಾರವನ್ನು ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂದು ಹಂಚುವ ಅಧಿಕಾರ ಮಾತ್ರ ಸ್ಪ್ರಿಂಗು ಮತ್ತು ಸ್ವೇ ಬಾರ್‌ಗಳ ಕೈಯಲ್ಲಿದೆ. ಕಾರು ತಿರುವಿನಲ್ಲಿ ಮೂತಿ ತಿರುಗಿಸದೆ ನೇರಕ್ಕೆ ಹೋಗುತ್ತದೋ, ಹಿಂಭಾಗ ಜಾರಿಸುತ್ತದೋ ಎನ್ನುವುದು ಬಹುಮಟ್ಟಿಗೆ ಈ ಹಂಚಿಕೆಯ ಮೇಲಿದೆ. ಇನ್ನೊಂದು ಲೆಕ್ಕ ಮರೆಯಬಾರದು: ಗಟ್ಟಿ ಸ್ವೇ ಬಾರಿನ ಬಿರುಸು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ಮುಕ್ಕಾಲು ಇಂಚಿನದನ್ನು ತೆಗೆದು ಒಂದು ಇಂಚಿನದು ಹಾಕಿದರೆ ಬಿರುಸು ಮೂರು ಪಟ್ಟನ್ನೂ ಮೀರುತ್ತದೆ. ಕಣ್ಣಿಗೆ ಕಾಲಿಂಚಿನ ವ್ಯತ್ಯಾಸ ಮಾತ್ರ. ದಪ್ಪಗಿದ್ದಷ್ಟೂ ಒಳ್ಳೆಯದೆಂದು ಮುಂದಕ್ಕೊಂದು ಹಿಂದಕ್ಕೊಂದು ದೊಡ್ಡ ಬಾರ್ ಹಾಕಿಸಿ, ಮಳೆಯಲ್ಲಿ ಹಿಂಭಾಗ ಬೀಸಿ ಗಾಬರಿಯಾಗುವವರು ಇದ್ದಾರೆ.

ನನ್ನ ಕೇಳಿದರೆ ಸ್ಪ್ರಿಂಗಿಗಿಂತ ಶಾಕ್ ಅಬ್ಸಾರ್ಬರಿಗೆ ಮೊದಲು ದುಡ್ಡು ಹಾಕಬೇಕು. ಸ್ಪ್ರಿಂಗ್ ಕುಪ್ಪಳಿಸಿದ ಶಕ್ತಿಯನ್ನೆಲ್ಲ ಶಾಕ್ ತನ್ನೊಳಗಿನ ಎಣ್ಣೆಯನ್ನು ಸಣ್ಣ ಕಿಂಡಿಗಳಲ್ಲಿ ತೂರಿಸಿ ಬಿಸಿಯಾಗಿ ಕಳೆಯುತ್ತದೆ. ಸಾದಾ ಶಾಕ್‌ನಲ್ಲಿ ಎಣ್ಣೆ ಕಾದು ಗಾಳಿಯೊಡನೆ ಬೆರೆತು ನೊರೆಯಾದರೆ ಹಿಡಿತ ಹೋಯಿತು. ನೊರೆ ಏಳದಂತೆ ಎಣ್ಣೆಯನ್ನು ಒತ್ತಡದ ಅನಿಲದಿಂದ ಅದುಮಿಟ್ಟ ಒಂಟಿ ಕೊಳವೆಯ ಶಾಕನ್ನು ಜರ್ಮನಿಯ ಬಿಲ್‌ಸ್ಟೈನ್ 1950ರ ದಶಕದಲ್ಲಿ ಮರ್ಸಿಡಿಸ್ ಬೆಂಝ್‌ಗೆ ಒದಗಿಸಿತು. ಇವತ್ತಿನ ಒಳ್ಳೆಯ ಶಾಕ್‌ಗಳಲ್ಲಿ ಬಹಳಷ್ಟು ಆ ವಂಶದವೇ. ಚಕ್ರ ಮೇಲೇಳುವಾಗ ಒಂದು ಬಿಗಿ, ಕೆಳಗಿಳಿಯುವಾಗ ಇನ್ನೊಂದು ಬಿಗಿ ಎಂದು ಗುಂಡಿ ತಿರುಗಿಸಿ ಹೊಂದಿಸುವಂಥವೂ ಇವೆ. ಸ್ಪ್ರಿಂಗು ಶಾಕಿನ ಮೇಲೆಯೇ ಸುತ್ತಿಕೊಂಡು, ಎತ್ತರವನ್ನು ತಿರುಪಿನಿಂದ ಏರಿಸಿ ಇಳಿಸುವ ಕಾಯಿಲೋವರ್ ಈಗಿನ ಫ್ಯಾಷನ್. ಒಳ್ಳೆಯದೇ. ಆದರೆ ತಿಂಗಳಿಗೊಮ್ಮೆ ಪೇಟೆಗೆ ಹೋಗಿಬರುವ ಕಾರಿಗೆ ಅದು ಬೇಕೇ ಬೇಕೆಂದು ನನಗನಿಸುವುದಿಲ್ಲ.

ಬುಷ್ ಬಗ್ಗೆ ಚುಟುಕಾಗಿ: ಕಂಪನಿಯ ರಬ್ಬರ್ ಬುಷ್ 60 ವರ್ಷಕ್ಕೆ ಒಣಗಿ ಬಿರಿದಿರುತ್ತದೆ. ಪಾಲಿಯುರಿಥೇನ್ ಬುಷ್ ಬಾಳಿಕೆ ಬರುತ್ತದೆ, ಹಿಂಡುವುದಿಲ್ಲ. ಗ್ರೀಸ್ ಆರಿದರೆ ಕಿರ್ರೆನ್ನುತ್ತದೆ. ರಸ್ತೆಯ ಅದುರು ಮೈಗೆ ತಾಗಬಾರದೆನ್ನುವವರಿಗೆ ಹೊಸ ರಬ್ಬರೇ ಸಾಕು.

ಈ ಸಾಮಾನುಗಳನ್ನು ಮಾಡುವವರು ಮೂಲೆಯ ಗ್ಯಾರೇಜಿನವರಲ್ಲ. ರೇಸು ಸಾಮಾನು ಮಾಡುವವರ ಒಕ್ಕೂಟವಾಗಿ 1963ರಲ್ಲಿ ಹುಟ್ಟಿದ ಸೀಮಾ, 1967ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಕ್ರೀಡಾಂಗಣದಲ್ಲಿ ಮೊದಲ ಮೇಳ ನಡೆಸಿತು. ಈಗ ಪ್ರತಿವರ್ಷ ಲಾಸ್ ವೇಗಸ್‌ನಲ್ಲಿ ಅದರ ಜಾತ್ರೆ. ಕ್ಯಾಲಿಫೋರ್ನಿಯಾದ ಹಾಚ್ಕಿಸ್, ಇಂಡಿಯಾನಾದ ರೈಡ್‌ಟೆಕ್, ಮಿನೆಸೋಟಾದ ಕ್ಯೂಎ1, ಫ್ಲಾರಿಡಾದ ಬಿಎಂಆರ್ ಇವೆಲ್ಲ ಈ ಕ್ಷೇತ್ರದ ಗಟ್ಟಿ ಹೆಸರುಗಳು. ತೊಂಬತ್ತರ ದಶಕದಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರ್ಕ್ ಸ್ಟೀಲೋ 1969ರ ಕಮಾರೊಗಳನ್ನು ಹೊಸ ಕಾಲದ ಸ್ಪೋರ್ಟ್ಸ್ ಕಾರುಗಳಂತೆ ತಿರುವಿನಲ್ಲಿ ಓಡಿಸಿ ತೋರಿಸಿದ್ದು ಬಹಳ ಜನರ ಕಣ್ಣು ತೆರೆಸಿತು. ಪ್ರೋ-ಟೂರಿಂಗ್ ಎಂದು ಕರೆಯುವ ಈ ಬಗೆಯಲ್ಲಿ ಹಳೆಯ ಬಾಡಿ ಹಾಗೇ ಇರುತ್ತದೆ, ಕೆಳಗಿನದೆಲ್ಲ ಹೊಸದಾಗುತ್ತದೆ. ಕಾರ್ಖಾನೆಗಳೂ ನಿಧಾನಕ್ಕೆ ಅದೇ ದಾರಿಗೆ ಬಂದವು. ಆದರೂ ಮಸ್ಟಾಂಗ್‌ನ ಎಲ್ಲ ಮಾದರಿಗಳಿಗೂ ಹಿಂದಿನ ಚಕ್ರಗಳು ಬೇರೆಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಷನ್ ಬರಲು 2015 ಆಗಬೇಕಾಯಿತು.

ಎದುರುಮನೆಯ ಪಿಕಪ್ಪಿಗೆ ಬರೋಣ. ಪಿಕಪ್ಪಿನ ಸಸ್ಪೆನ್ಷನ್ನನ್ನು ಕೀಳಾಗಿ ಕಾಣಬೇಡಿ. 1960ರಿಂದ ಶೆವ್ರೊಲೆ ಪಿಕಪ್‌ಗಳ ಹಿಂದಿನ ಆಕ್ಸಲ್ಲನ್ನು ಹಿಡಿಯುತ್ತಿದ್ದ ಎರಡು ಉದ್ದ ತೋಳುಗಳ ಜೋಡಣೆ ನ್ಯಾಸ್ಕಾರ್ ರೇಸಿನವರಿಗೆ ಎಷ್ಟು ಹಿಡಿಸಿತೆಂದರೆ, ಅಲ್ಲಿನ ಕಪ್ ಸರಣಿಯ ಕಾರುಗಳು 2021ರವರೆಗೂ ಅದೇ ಮಾದರಿಯಲ್ಲಿ ಗಂಟೆಗೆ 300 ಕಿಲೋಮೀಟರು ದಾಟಿ ಓಡಿದವು. ಇದನ್ನು ಟ್ರಕ್ ಆರ್ಮ್ ಎಂದೇ ಕರೆಯುತ್ತಿದ್ದರು. ಹಳೆಯ ಶೆವ್ರೊಲೆ ಸಿ10 ಪಿಕಪ್ಪನ್ನು ಎತ್ತರಿಸದೆ ತಗ್ಗಿಸಿ, ಹೊಸ ತೋಳು, ಹೊಸ ಶಾಕ್ ಹಾಕಿ ಕಾರಿನಂತೆ ತಿರುಗಿಸುವವರು ಅಮೆರಿಕದಲ್ಲಿ ಸಾಕಷ್ಟಿದ್ದಾರೆ. ನನಗೆ ಅಂಥ ಪಿಕಪ್ ನೋಡಿದರೆ ಖುಷಿ.

ಎತ್ತರಿಸುವುದರಲ್ಲಿ ಎರಡು ಜಾತಿ. ಮರಳುಗಾಡು, ಬಂಡೆ, ಹಳ್ಳ ದಾಟುವವರಿಗೆ ಚಕ್ರ ಮೇಲೆ ಕೆಳಗೆ ಹೆಚ್ಚು ಆಡಬೇಕು, ದೊಡ್ಡ ಟಯರಿಗೆ ಜಾಗ ಬೇಕು. ಮೆಕ್ಸಿಕೋದ ಬಾಹಾ ಮರಳುಗಾಡಿನಲ್ಲಿ 1967ರಲ್ಲಿ ಶುರುವಾದ ದೀರ್ಘ ಓಟದಿಂದ ಕಲಿತ ಪಾಠಗಳೇ ಇಂದಿನ ಫಾಕ್ಸ್, ಕಿಂಗ್ ಮುಂತಾದ ಶಾಕ್‌ಗಳಲ್ಲಿವೆ. ಹೆಚ್ಚು ಎಣ್ಣೆ ಹಿಡಿಯುವ ಪಕ್ಕದ ಡಬ್ಬಿ, ಆಳಕ್ಕಿಳಿದಂತೆ ಬಿಗಿ ಹೆಚ್ಚಿಸುವ ಒಳದಾರಿಗಳು ಇವೆಲ್ಲ ಗಂಟೆಗಟ್ಟಲೆ ಗುಂಡಿ ಹಾರಿದರೂ ಶಾಕ್ ಸೋಲದಿರಲೆಂದು. 2010ರ ಮಾದರಿಯಾಗಿ ಬಂದ ಫೋರ್ಡ್ ರ‍್ಯಾಪ್ಟರ್ ಪಿಕಪ್ ಇದನ್ನು ಕಾರ್ಖಾನೆಯಿಂದಲೇ ಹಾಕಿಸಿಕೊಂಡು ಬಂತು. ಇದು ಕೆಲಸಕ್ಕೆ ತಕ್ಕ ಬದಲಾವಣೆ.

ಇನ್ನೊಂದು ಜಾತಿ ಬರೀ ನೋಟದ್ದು. ಅದರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅಮೆರಿಕದ ಸಾರಿಗೆ ಸುರಕ್ಷಾ ಇಲಾಖೆ ವಾಹನ ಉರುಳುವ ಅಪಾಯವನ್ನು ಅಳೆಯುವ ಒಂದು ಸರಳ ಲೆಕ್ಕವಿದೆ: ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಂಕಿ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಕಾರುಗಳಿಗೆ ಇದು ಸಾಮಾನ್ಯವಾಗಿ 1.3ರಿಂದ 1.5, ಪಿಕಪ್‌ಗಳಿಗೆ 1.0ರಿಂದ 1.3. ಅಗಲ 68 ಇಂಚು, ಕೇಂದ್ರದ ಎತ್ತರ 28 ಇಂಚು ಇರುವ ಪಿಕಪ್ ಇದೆ ಅಂದುಕೊಳ್ಳಿ. ಅದರ ಅಂಕಿ 1.21. ಲಿಫ್ಟ್ ಕಿಟ್ ಹಾಕಿ ಕೇಂದ್ರ 3 ಇಂಚು ಮೇಲೇರಿದರೆ 1.10ಕ್ಕೆ ಇಳಿಯುತ್ತದೆ. ಮೂರೇ ಇಂಚು. ಎತ್ತರಿಸಿದ ಮೇಲೆ ಡ್ರೈವ್ ಶಾಫ್ಟ್, ಬಾಲ್ ಜಾಯಿಂಟ್‌ಗಳು ಓರೆಯಾಗಿ ಬೇಗ ಸವೆಯುತ್ತವೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಹೊಸ ಗಾಡಿಗಳಲ್ಲಿ ತಾನಾಗಿ ಬ್ರೇಕ್ ಹಾಕುವ ಕ್ಯಾಮರಾ, ರೇಡಾರ್‌ಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಮುಂದಿನ ಆಕ್ಸಲ್ ಒಂದೇ ಗಟ್ಟಿ ತುಂಡಾಗಿರುವ ಪಿಕಪ್, ಜೀಪುಗಳಲ್ಲಿ ಜೋಡಣೆ ಸಡಿಲವಿದ್ದರೆ ಹೆದ್ದಾರಿಯಲ್ಲಿ ಒಂದು ಗುಂಡಿ ಸಿಕ್ಕಿದ್ದೇ ತಡ ಇಡೀ ಸ್ಟಿಯರಿಂಗ್ ಹುಚ್ಚೆದ್ದು ಅದುರುತ್ತದೆ. ಅದಕ್ಕೆ ಅಲ್ಲಿನವರು ಡೆತ್ ವಾಬಲ್ ಎನ್ನುತ್ತಾರೆ. ಸ್ಟಿಯರಿಂಗಿಗೆ ಇನ್ನೊಂದು ಡ್ಯಾಂಪರ್ ಹಾಕಿ ಮುಚ್ಚಿಹಾಕುವುದು ಮದ್ದಲ್ಲ, ಸವೆದ ಜಾಯಿಂಟು, ಬುಷ್ ಹುಡುಕಿ ಬದಲಿಸಬೇಕು.

ಮುಂಭಾಗ ಎತ್ತಿ ಹಿಂಭಾಗ ಕೂರಿಸುವ ಕೆರೊಲೈನಾ ಸ್ಕ್ವಾಟ್ ಎಂಬ ಶೋಕಿ ಎಲ್ಲಕ್ಕಿಂತ ಕೆಟ್ಟದ್ದು. ಚಾಲಕನಿಗೆ ಬಾನೆಟ್ಟಿನಾಚೆ ಆಕಾಶವೇ ಕಾಣುತ್ತದೆ, ಎದುರು ದಾಟುವ ಮಗು ಕಾಣುವುದಿಲ್ಲ. ನಾರ್ತ್ ಕೆರೊಲೈನಾ 2021ರ ಡಿಸೆಂಬರಿನಿಂದ ಮುಂದಿನ ಫೆಂಡರು ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಿರುವ ಗಾಡಿಯನ್ನು ರಸ್ತೆಯಲ್ಲಿ ನಿಷೇಧಿಸಿತು. ವರ್ಜೀನಿಯಾ, ಸೌತ್ ಕೆರೊಲೈನಾಗಳೂ ಹಿಂಬಾಲಿಸಿದವು. ಕಾನೂನು ಮೊದಲೇ ಬರಬೇಕಿತ್ತು.

ನಿಮ್ಮ ಅಳಿಯಂದಿರು ಕೇಳಿದರೆ ಖರ್ಚಿನ ಕ್ರಮ ಹೀಗೆ ಹೇಳಿ. ಮೊದಲು ಒಳ್ಳೆಯ ಟಯರು ಮತ್ತು ಬ್ರೇಕ್, ಸವೆದ ಬುಷ್, ಬಾಲ್ ಜಾಯಿಂಟ್‌ಗಳ ಬದಲಾವಣೆ. ಆಮೇಲೆ ಶಾಕ್‌ಗಳು, ರೇಡಿಯಲ್ಲಿಗೆ ತಕ್ಕ ಅಲೈನ್‌ಮೆಂಟ್. ಇಷ್ಟಾದ ಮೇಲೆ ಒಂದಿಷ್ಟು ದಿನ ಓಡಿಸಿ ನೋಡಲಿ. ಆಗಲೂ ಸಾಲದೆನಿಸಿದರೆ ಮುಂದೊಂದು ಸ್ವೇ ಬಾರ್, ಕೊನೆಗೆ ಸ್ಪ್ರಿಂಗು. ಬಹಳ ಜನ ಇದನ್ನು ತಲೆಕೆಳಗು ಮಾಡಿ, ಕಾರು ತಗ್ಗಿ ಕಾಣಲೆಂದು ಮೊದಲು ಸ್ಪ್ರಿಂಗ್ ಕತ್ತರಿಸುತ್ತಾರೆ. ಸುರುಳಿ ಕತ್ತರಿಸಿದರೆ ಎತ್ತರ ಇಳಿಯುವ ಜೊತೆಗೆ ಸ್ಪ್ರಿಂಗಿನ ಬಿರುಸೂ ಏರುತ್ತದೆ, ಹಳೆಯ ಶಾಕ್ ಅದನ್ನು ತಡೆಯಲಾರದೆ ಕಾರು ಕುಣಿಯುತ್ತದೆ. ಹೊಸ ಕಾರಿರುವ ಬಂಧುಗಳು ಯಾರಾದರೂ ವಾರಂಟಿ ಹೋಗುತ್ತದೆಂದು ಹೆದರುತ್ತಿದ್ದರೆ, ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯಿದೆ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಬೇಕು.

ಕೊನೆಯ ಪ್ರಶ್ನೆ: ನಮ್ಮಲ್ಲಿ ಮಾಡಬಹುದೇ? ಅಮೆರಿಕದಷ್ಟು ಸಡಿಲ ಇಲ್ಲಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಸಕಲೇಶಪುರದ ತೋಟದ ದಾರಿಗಳಲ್ಲಿ ಎತ್ತರಿಸಿದ ಜೀಪುಗಳು ಓಡಾಡುತ್ತಿವೆಯಲ್ಲ ಎಂದು ನೀವು ಕೇಳಬಹುದು. ಓಡಾಡುತ್ತವೆ, ಆದರೆ ಅಪಘಾತವಾದ ದಿನ ವಿಮಾ ಕಂಪನಿ ಅದನ್ನೇ ಮೊದಲು ಕೆದಕುತ್ತದೆ. ಕಂಪನಿಯ ಅಳತೆಗೇ ಸರಿಹೊಂದುವ ಹೊಸ ಶಾಕ್, ಹೊಸ ಬುಷ್ ಹಾಕಿಸುವುದು ಮಾತ್ರ ಮಾರ್ಪಾಡಲ್ಲ, ದುರಸ್ತಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನೀವು ಶಿರಾಡಿ ಘಾಟಿಯಲ್ಲಿ ಇಳಿದು ಹತ್ತುವವರಾಗಿದ್ದರೆ ಮುಂದಿನ ಸರ್ವೀಸಿನಲ್ಲಿ ಕಾರನ್ನು ಲಿಫ್ಟಿನ ಮೇಲೇರಿಸಿದಾಗ ಮೆಕ್ಯಾನಿಕ್ ಜೊತೆ ನೀವೂ ಕೆಳಗೆ ನಿಂತು ನೋಡಿ. ಶಾಕ್ ಮೇಲೆ ಎಣ್ಣೆಯ ಜಿಡ್ಡಿದ್ದರೆ, ಬುಷ್ ಬಿರಿದಿದ್ದರೆ, ಟಯರಿನ ಒಂದೇ ಅಂಚು ಸವೆದಿದ್ದರೆ ಮುಂದಕ್ಕೆ ಹಾಕದೆ ಅವತ್ತೇ ಸರಿಮಾಡಿಸಿ. ಶಾಕ್‌ಗಳನ್ನು ಒಂಟಿಯಾಗಿ ಬದಲಿಸಬೇಡಿ, ಜೋಡಿಯಾಗಿಯೇ ಬದಲಿಸಿ.